ಕಾಕಾನ ಪಿನ್ ಕಾಕಾಗಷ್ಟೇ ಗೊತ್ತಿರಲಿ

ನಾನು ಬಳ್ಳಾರಿಯ ಒಂದು ಸಣ್ಣ ಕಂಪನಿಯಲ್ಲಿ ಆಪ್‌ಗಳ ಪರದೆ ಡಿಸೈನ್ ಮಾಡುತ್ತೇನೆ. ಯುಗಾದಿಗೆ ಗಂಗಾವತಿಗೆ ಹೋದಾಗ, ಉಳಿತಾಯ ಸಂಘಗಳಿಗೆ ಅಂತ ಆಗಷ್ಟೇ ಮುಗಿಸಿದ್ದ ಆಪ್ ಒಂದನ್ನು ನಮ್ಮ ಕಾಕಾನ ಫೋನಿಗೆ ಹಾಕಿಕೊಟ್ಟೆ. ಗ್ಲಾಕೋಮಾದಿಂದ ಕಾಕಾನ ಎರಡೂ ಕಣ್ಣು ಹೋಗಿ ಆರು ವರ್ಷ ಆಯ್ತು. ಮೊದಲು ಭತ್ತದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಈಗಲೂ ಬಾಯಿಲೆಕ್ಕದಲ್ಲಿ ಮನೆಯಲ್ಲಿ ಯಾರೂ ಅವರ ಹತ್ತಿರ ಸುಳಿಯಲ್ಲ. ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಬೆರಳು ಬಲಕ್ಕೆ ಸರಿಸಿದರೆ ಪರದೆ ಮೇಲಿರುವುದನ್ನು ಒಂದೊಂದಾಗಿ ಓದಿ ಹೇಳುತ್ತದೆ, ಬೇಕಾದದ್ದು ಬಂದಾಗ ಎರಡು ಸಲ ತಟ್ಟಿದರೆ ಆಯ್ತು.

ಕಾಕಾ ಬೆರಳು ಸರಿಸಿದರು. ಫೋನ್ "ಬಟನ್" ಅಂತು. ಮತ್ತೆ ಸರಿಸಿದರು, ಮತ್ತೆ "ಬಟನ್".

"ಯಾವ್ದು ಒತ್ಲಿ ಯವ್ವಾ? ಎಲ್ಲಾದಕ್ಕೂ ಬಟನ್ ಬಟನ್ ಅಂತೈತಿ."

ತಪ್ಪು ನನ್ನದೇ. ಚಂದದ ಚಿತ್ರಗಳನ್ನು ಬಿಡಿಸಿಟ್ಟಿದ್ದೆ, ಮನೆ, ಗಂಟೆ, ಹಣದ ಚೀಲ. ಆದರೆ ಅವುಗಳ ಹಿಂದೆ ಹೆಸರು ಬರೆದಿರಲಿಲ್ಲ. ಒಂದೊಂದು ಬಟನ್‌ಗೆ ಒಂದೇ ಸಾಲಿನ ಕೆಲಸ ಅದು. ಆ ಸಾಲು ಇಲ್ಲದಿದ್ದರೆ ಟಾಕ್‌ಬ್ಯಾಕ್ ತಾನೇ ಏನು ಓದೀತು?

ಆದರೆ ನನಗೆ ಜಾಸ್ತಿ ನೋವಾಗಿದ್ದು ಆಮೇಲೆ ಅವರು ಹೇಳಿದ ಮಾತಿನಿಂದ. ಇಂಥ ಆಪ್‌ಗಳನ್ನು ತಾವೇ ಬಳಸಲು ಆಗದೇ ಹೋದಾಗ ಕಾಕಾ ಓಣಿಯ ಅಂಗಡಿ ಹುಡುಗನ ಹತ್ತಿರ ಹೋಗುತ್ತಾರೆ. ಫೋನ್ ಅವನ ಕೈಗೆ, ಓಟಿಪಿ ಅವನಿಗೆ, ಪಿನ್ ಕೂಡ ಅವನಿಗೇ. ಹುಡುಗ ಒಳ್ಳೆಯವನು, ಅದು ಬೇರೆ ಮಾತು. "ನನ್ನ ರೊಕ್ಕದ್ ಲೆಕ್ಕ ಅವಗ್ಯಾಕ ಗೊತ್ತಾಗ್ಬೇಕು?" ಅಂದರು ಕಾಕಾ. ಪಿನ್ ಯಾರಿಗೂ ಹೇಳಬೇಡಿ ಅಂತ ದಿನಾ ಮೆಸೇಜ್ ಕಳಿಸುತ್ತೇವೆ, ಪಿನ್ ಹೇಳದೇ ಕೆಲಸವೇ ಆಗದಂಥ ಪರದೆಯನ್ನೂ ನಾವೇ ಮಾಡುತ್ತೇವೆ. ಅನುಕೂಲ, ಅನನುಕೂಲದ ಮಾತಲ್ಲ ಇದು. ಅನ್ಯಾಯ.

ಕಾನೂನು ಇಲ್ಲ ಅಂತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು. ಕೆವೈಸಿ, ಅಂದರೆ ಗುರುತಿನ ತಪಾಸಣೆ, ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುತ್ತಾರಲ್ಲ, ಆಸಿಡ್ ದಾಳಿಯಲ್ಲಿ ಕಣ್ಣು, ಮುಖ ಸುಟ್ಟವರು ಏನು ಮಾಡಬೇಕು? ಅಂಥವರೇ ಸುಪ್ರೀಂ ಕೋರ್ಟ್‌ಗೆ ಹೋದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು, ಡಿಜಿಟಲ್ ಸೇವೆ ಸಿಗುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ 20 ನಿರ್ದೇಶನ ಕೊಟ್ಟಿತು. ನಮ್ಮ ಆಫೀಸಿನಲ್ಲಿ ಎಲ್ಲರೂ ಕೂತು ಅದನ್ನು ಓದಿದೆವು.

ಇನ್ನು ಕನ್ನಡದ್ದೇ ಆದ ಕೆಲವು ತೊಂದರೆಗಳಿವೆ. ಇವು ಇಂಗ್ಲಿಷ್ ಗೈಡ್‌ಗಳಲ್ಲಿ ಸಿಗಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಅರ್ಜಿ ನಮ್ಮ ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಓದುವ ತಂತ್ರಾಂಶ ಅದನ್ನೇ ಓದುತ್ತದೆ, ಒಂದು ಪದವೂ ತಿಳಿಯಲ್ಲ. ಕನ್ನಡ ಅಕ್ಷರವನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಅದೇ ಅರ್ಜಿಯನ್ನು ಕಂಪ್ಯೂಟರ್ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಸರಾಗವಾಗಿ ಓದುತ್ತದೆ, ಮತ್ತೆ ಎನ್‌ವಿಡಿಎ ಪೂರ್ತಿ ಉಚಿತ. ಸ್ಕ್ಯಾನ್ ಮಾಡಿದ ಪುಟವಂತೂ ಬರೀ ಫೋಟೋ, ಅದರಲ್ಲಿ ಓದಲು ಅಕ್ಷರವೇ ಇಲ್ಲ.

ಇನ್ನೊಂದು ಒತ್ತಕ್ಷರ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ, ಆದರೆ ನಾವು ಬಟನ್‌ನ ಎತ್ತರವನ್ನು ಮೊದಲೇ ಕಟ್ಟಿಹಾಕಿರುತ್ತೇವೆ. "ಒಪ್ಪಿಗೆ" ಅನ್ನುವ ಪದದಲ್ಲಿ ಕೆಳಗಿನ ಪ ಒತ್ತು ಕತ್ತರಿಸಿ ಹೋಗಿ "ಒಪಿಗೆ" ಆಗಿದ್ದನ್ನು ನನ್ನದೇ ಪರದೆಯಲ್ಲಿ ನೋಡಿದ್ದೇನೆ. ಅಕ್ಷರ ಬೆಳೆದ ಹಾಗೆ ಬಟನ್ ಕೂಡ ಬೆಳೆಯಬೇಕು, ಅಷ್ಟೇ. ಬಣ್ಣದ್ದೂ ಹೀಗೇ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕು ಅನ್ನುತ್ತದೆ ಡಬ್ಲ್ಯುಸಿಎಜಿ, ಅಂದರೆ ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ. ಬಿಳಿ ಮೇಲೆ ತಿಳಿ ಬೂದು ಬಣ್ಣದ ಅಕ್ಷರ ಹಾಕಿ ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ಫೋನ್ ಹಿಡಿದು ನೋಡಿ, ಚೆನ್ನಾಗಿ ಕಣ್ಣು ಕಾಣುವವರೂ ಕೈ ಅಡ್ಡ ಹಿಡಿಯಬೇಕು, ಅಲ್ವಾ?

ಮೊದಲೇ ಟಿಕ್ ಮಾಡಿಟ್ಟ ಇನ್ಶೂರೆನ್ಸ್ ಡಬ್ಬಿ ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಕಣ್ಣಿದ್ದವರಿಗೇ ಅದು ತಪ್ಪಿಹೋಗುತ್ತದೆ. ಒಂದೊಂದೇ ಸಾಲು ಕೇಳಿಸಿಕೊಂಡು ಮುಂದೆ ಹೋಗುವವರು ಹಣ ಕಟ್ಟುವ ಬಟನ್ ಸಿಕ್ಕ ಕೂಡಲೇ ತಟ್ಟುತ್ತಾರೆ, ಅದರ ಕೆಳಗೆ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ.

ಊರಿಂದ ಬಂದ ಮೇಲೆ ಎಲ್ಲ ಬಟನ್‌ಗೂ ಹೆಸರು ಬರೆದೆ. ಓಟಿಪಿಯ ಸಮಯ ಮುಗಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು, ಅದನ್ನು ತೆಗೆದೆ. ಬರೀ ಕೆಂಪು ಗೆರೆಯಲ್ಲಿ ತೋರಿಸುತ್ತಿದ್ದ ತಪ್ಪನ್ನು "ಖಾತೆ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ" ಅಂತ ಮಾತಿನಲ್ಲೇ ಬರೆದೆ. ಮೂರು ದಿನದ ಕೆಲಸ. ಹೋದ ಭಾನುವಾರ ಮತ್ತೆ ಗಂಗಾವತಿಗೆ ಹೋಗಿ ಕಾಕಾನ ಪಕ್ಕ ಸುಮ್ನೆ ಕೂತೆ, ಬಾಯಿ ಬಿಡಲಿಲ್ಲ. ಖಾತೆ ತೆಗೆದರು, ಮೊತ್ತ ಹಾಕಿದರು, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರು. ಪಿನ್ ಕೇಳುವ ಹೊತ್ತಿಗೆ ಬೆರಳು ತಡೆದು ನನ್ನ ಕಡೆ ಮುಖ ಮಾಡಿದರು.

"ಆ ಕಡಿ ಹೊಳ್ಳವ್ವಾ."

ನಾನು ಬಾಗಿಲ ಕಡೆ ತಿರುಗಿ ಕೂತೆ.