ಇಷ್ಟು ಜನ ಪರಿಚಯ ಇದ್ದಾರೆ, ಇವರಲ್ಲಿ ಗೆಳೆಯರು ಯಾರು?

ನಮ್ಮ ಸಭೆಯ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಭಾನುವಾರ ಚರ್ಚಿನ್ಯಾಗ ಎಲ್ಲಾರೂ ವಂದನೆ ಹೇಳ್ತಾರ. ಸೋಮವಾರ ಕಷ್ಟ ಬಂದ್ರ ಯಾರಿಗೆ ಫೋನ್ ಮಾಡಬೇಕು ತಿಳಿಯಂಗಿಲ್ಲ. ಖರೇ ಗೆಳೆಯಾರನ್ನ ಗುರುತಿಸೋದು ಹ್ಯಾಂಗ?"

ನನ್ನ ಉತ್ತರ ಹಳೇ ಬಾಗಲಕೋಟೆಯಿಂದ ಶುರುವಾಗುತ್ತದೆ. ಆಲಮಟ್ಟಿ ಹಿನ್ನೀರಿನಿಂದ ನಮ್ಮ ಓಣಿ ಮುಳುಗಡೆಗೆ ಹೋಯಿತು. ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಹಂಚಿಹೋದರು. ಮೊದಲು ದಿನಾ ಸಂಜೆ ನಮ್ಮ ಕಟ್ಟೆ ಮೇಲೆ ಹತ್ತು ಹನ್ನೆರಡು ಮಂದಿ ಕೂಡುತ್ತಿದ್ದರು. ಎಲ್ಲರೂ ನಮ್ಮವರೇ ಅನ್ನಿಸುತ್ತಿತ್ತು. ಆಮೇಲೆ ಮದುವೆಗಳಲ್ಲಿ ಸಿಕ್ಕರೆ "ಮನೀಗೆ ಬರ್ರಿ" ಅಂದರು, ನಾವೂ ಅಂದೆವು. ಅಷ್ಟೇ. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಮ್ಮನ್ನು ಕೂಡಿಸಿದ್ದು ಕಟ್ಟೆ, ಆ ಕಟ್ಟೆಯೇ ಹೋಯಿತು.

ಒಬ್ಬರು ಮಾತ್ರ ಬರುತ್ತಿದ್ದರು. ಅವ್ವನ ಗೆಳತಿ, ನಾನು ದೊಡ್ಡವ್ವ ಅನ್ನುತ್ತೇನೆ. ಅವರ ಮನೆ ಹಳೇ ಊರಲ್ಲೇ ಉಳಿದಿತ್ತು. ಪ್ರತಿ ಬುಧವಾರ ಟಂಟಂ ಹಿಡಿದು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ತರುತ್ತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಅವ್ವ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗ ರೊಟ್ಟಿ ಮುರಿಯದೆ ಸುಮ್ನೆ ಕೂತಿರುತ್ತಿದ್ದರು.

ದಾವೀದ ಅರಮನೆಯಲ್ಲಿದ್ದಾಗ ಅವನ ಸುತ್ತ ಜನಕ್ಕೇನು ಕಡಿಮೆ? ಅರಸ ಸೌಲನಿಗೆ ಹೆದರಿ ಅಡವಿ ಸೇರಿದಾಗ ಸೌಲನ ಸ್ವಂತ ಮಗ ಯೋನಾತಾನನೇ ಹುಡುಕಿಕೊಂಡು ಹೋಗಿ ದೇವರಲ್ಲಿ ಧೈರ್ಯ ತುಂಬಿದ. ಬೈಬಲಿನ ಮೊದಲನೆಯ ಸಮುವೇಲ 23ರಲ್ಲಿ ಇದೆ. ಅಲ್ಲಿ ಓದುವಾಗೆಲ್ಲ ನನಗೆ ಆ ಟಂಟಂ ನೆನಪಾಗುತ್ತದೆ.

ಬರುವುದಷ್ಟೇ ಅಲ್ಲ. ಮುಳುಗಡೆ ಪರಿಹಾರದ ದುಡ್ಡಿನ ವಿಷಯಕ್ಕೆ ಅವ್ವ ತನ್ನ ತಂಗಿಯ ಜೊತೆ ಮಾತು ಬಿಟ್ಟಿದ್ದಳು. ಎರಡು ವರ್ಷ. ಚರ್ಚಿನವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಒಂದು ಬುಧವಾರ ದೊಡ್ಡವ್ವ ರೊಟ್ಟಿ ಗಂಟು ಬಿಚ್ಚುತ್ತಾ ಕೇಳಿಬಿಟ್ಟರು: "ತಂಗಿ ಕೂಡ ಮಾತ ಬಿಟ್ಟು ದೇವರ ಮುಂದ ಹ್ಯಾಂಗ ಕೂಡತೀ? ನಿಮ್ಮ ಪುಸ್ತಕದಾಗ ಹಂಗ ಬರದೈತೇನು?"

ಹಾಗೆ ಬರೆದಿಲ್ಲ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಬರೆದಿದೆ, ಮತ್ತಾಯ 5ರಲ್ಲಿ. ಅವ್ವನಿಗೆ ಕೆಂಡದಂಥ ಸಿಟ್ಟು ಬಂತು. ಎರಡು ವಾರ ದೊಡ್ಡವ್ವನ ಜೊತೆ ಮಾತೇ ಇಲ್ಲ. ಆದರೂ ಅವರು ಬುಧವಾರ ತಪ್ಪಿಸಲಿಲ್ಲ. ಮೂರನೇ ವಾರ ಅವ್ವ ತಂಗಿಯ ಮನೆಗೆ ಹೋದಳು.

ಗೆಳೆಯನ ಕೈಯಿಂದ ಆಗುವ ಗಾಯ ಒಳ್ಳೆಯದಕ್ಕೇ ಅಂತ ಜ್ಞಾನೋಕ್ತಿ 27 ಹೇಳುತ್ತದೆ. ಪರಿಚಯದವರು ನಮ್ಮನ್ನು ನೋಯಿಸುವುದಿಲ್ಲ, ಅದರ ಅಗತ್ಯವೇ ಅವರಿಗಿಲ್ಲ. ನಮ್ಮ ತಪ್ಪು ಅವರಿಗೆ ಭಾರ ಅಲ್ಲ. ದೊಡ್ಡವ್ವನಿಗೆ ಭಾರವಾಗಿತ್ತು.

ನಮ್ಮ ನಂಬಿಕೆಯವರಲ್ಲದವರು ನಿಜವಾದ ಗೆಳೆಯರಾಗುತ್ತಾರಾ ಅಂತಲೂ ಕೆಲವರು ಕೇಳುತ್ತಾರೆ. ನಾನು ದೊಡ್ಡವ್ವನನ್ನು ತೋರಿಸುತ್ತೇನೆ. ಯೇಸುಸ್ವಾಮಿ ನೆರೆಯವನು ಯಾರು ಅಂತ ತೋರಿಸಲು, ಯೆಹೂದ್ಯರು ಹೊರಗಿನವನೆಂದು ದೂರ ಇಟ್ಟಿದ್ದ ಸಮಾರ್ಯದವನನ್ನು ಆರಿಸಿಕೊಂಡರಲ್ವಾ?

ಇನ್ನೊಂದು ಮಾತು. ಒಂದು ಸಲ ಕೈಕೊಟ್ಟ ಮಾತ್ರಕ್ಕೆ ಗೆಳೆಯನನ್ನು ಪರಿಚಯದವರ ಸಾಲಿಗೆ ತಳ್ಳಬೇಡಿ. ಸೆರೆ ಸಿಕ್ಕ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಎಚ್ಚರವಾಗಿರಿ ಅಂತ ಬೇಡಿಕೊಂಡದ್ದು ತೀರಾ ಹತ್ತಿರದ ಮೂವರು ಶಿಷ್ಯರನ್ನು. ಮೂವರೂ ನಿದ್ದೆ ಹೋದರು. ಸ್ವಾಮಿಗೆ ನೋವಾಯಿತು, ಅದನ್ನು ಬಾಯಿಬಿಟ್ಟು ಹೇಳಿದರು. ಆದರೆ ಅವರನ್ನು ಬಿಡಲಿಲ್ಲ. ನಿದ್ದೆ ಹೋದ ಪೇತ್ರನಿಗೇ ಆಮೇಲೆ ತಮ್ಮ ಕುರಿಗಳನ್ನು, ಅಂದರೆ ತಮ್ಮನ್ನು ನಂಬಿದ ಜನರನ್ನು, ಒಪ್ಪಿಸಿದರು.

ಆದ್ದರಿಂದ ಯಾರಿಗೆ ಫೋನ್ ಮಾಡಲಿ ಅಂತ ಕೇಳುವ ಮಕ್ಕಳಿಗೆ ನಾನು ತಿರುಗಿ ಕೇಳುತ್ತೇನೆ: ಈ ತಿಂಗಳು ಚರ್ಚಿಗೆ ಬರೋದು ಬಿಟ್ಟವರು ಯಾರು? ಅವರ ಮನೆ ಯಾವ ಸೆಕ್ಟರ್‌ನಲ್ಲಿದೆ, ಗೊತ್ತಾ? ಅಲ್ಲಿಂದ ಶುರು ಮಾಡಿ.

ಈಗ ದೊಡ್ಡವ್ವನಿಗೆ ಮೊಣಕಾಲು ನೋವು ಜಾಸ್ತಿ, ಟಂಟಂ ಹತ್ತಲು ಆಗುವುದಿಲ್ಲ. ಬುಧವಾರ ಅವ್ವನೇ ಹೋಗುತ್ತಾಳೆ. ಚೀಲದಲ್ಲಿ ರೊಟ್ಟಿಯ ಜೊತೆ ಚಿಗವ್ವ ಕಳಿಸಿದ ಶೇಂಗಾ ಹೋಳಿಗೆಯೂ ಇರುತ್ತದೆ.