ಬ್ರೌನೋ ಬ್ರೇಡಿಯೋ? ಮೊದಲು ಎರಡನೆಯವನನ್ನು ನೋಡಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು ಎಂಬ ವಾದ ಶುರುವಾದರೆ ಎಮಿಟ್ ಸ್ಮಿತ್‌ನ 18,355 ಯಾರ್ಡ್ ಬೇಗನೆ ಬಂದು ಬೀಳುತ್ತದೆ. ಚೆಂಡು ಹಿಡಿದು ಓಡಿದವರಲ್ಲಿ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ದಾಖಲೆ ಅದೇ. ಜಿಮ್ ಬ್ರೌನ್‌ನದು 12,312. ಆರು ಸಾವಿರ ಯಾರ್ಡ್ ಅಂತರ, ಇನ್ನೇನು ಮಾತು ಎನ್ನುವವರಿದ್ದಾರೆ. ಆದರೆ ಸ್ಮಿತ್ ಆಡಿದ್ದು 15 ಸೀಸನ್, 226 ಪಂದ್ಯ. ಬ್ರೌನ್ 9 ಸೀಸನ್, 118 ಪಂದ್ಯ. ಭಾಗಿಸಿ ನೋಡಿ: ಸ್ಮಿತ್‌ಗೆ ಪಂದ್ಯಕ್ಕೆ 81 ಯಾರ್ಡ್, ಬ್ರೌನ್‌ಗೆ 104.

ಸೀಸನ್ ಲೆಕ್ಕದಲ್ಲಿ ಹೋಲಿಸುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ, ಏಕೆಂದರೆ ಸೀಸನ್ನಿನ ಉದ್ದವೇ ಬದಲಾಗುತ್ತ ಬಂದಿದೆ. 1947ರಿಂದ 1960ರವರೆಗೆ 12 ಪಂದ್ಯ, 1961ರಿಂದ 14, 1978ರಿಂದ 16, 2021ರಿಂದ 17. 'ಸಾವಿರ ಯಾರ್ಡ್ ಓಡಿದ' ಎನ್ನುವ ಹೊಗಳಿಕೆಗೆ 1958ರಲ್ಲಿ ಪಂದ್ಯಕ್ಕೆ 83 ಯಾರ್ಡ್ ಬೇಕಿತ್ತು, ಈಗ 59 ಸಾಕು. ಎರಿಕ್ ಡಿಕರ್ಸನ್ 1984ರಲ್ಲಿ 2,105 ಯಾರ್ಡ್ ಓಡಿ ಓ.ಜೆ. ಸಿಂಪ್ಸನ್‌ನ 2,003 ಮುರಿದದ್ದು ನಿಜ. ಆದರೆ ಸಿಂಪ್ಸನ್ 1973ರಲ್ಲಿ ಅಷ್ಟು ಓಡಿದ್ದು 14 ಪಂದ್ಯಗಳಲ್ಲಿ, ಡಿಕರ್ಸನ್ ಆಡಿದ್ದು 16.

ಹಾಗಂತ ಪಂದ್ಯದ ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಬ್ರೌನ್ ಕೊನೆಯ ಸೀಸನ್ ಆಡಿದಾಗ 29 ವರ್ಷ, ಕಾಲಲ್ಲಿ ಇನ್ನೂ ಕಸುವಿತ್ತು. ಸ್ಮಿತ್ 35ರವರೆಗೂ ಎಳೆದ, ಆ ಮುಪ್ಪಿನ ವರ್ಷಗಳು ಅವನ ಸರಾಸರಿಯನ್ನು ತಗ್ಗಿಸಿದವು. ನ್ಯಾಯವಾಗಿ ಹೋಲಿಸಬೇಕೆಂದರೆ ಇಬ್ಬರ ಮೊದಲ ಒಂಬತ್ತು ಸೀಸನ್ ಪಕ್ಕಪಕ್ಕ ಇಡಬೇಕು. ಆಗ ಸ್ಮಿತ್ 12,566, ಬ್ರೌನ್ 12,312. ಸ್ಮಿತ್ ಅದಕ್ಕೆ ತೆಗೆದುಕೊಂಡದ್ದು 140ರ ಹತ್ತಿರ ಪಂದ್ಯ. ಪಂದ್ಯದ ಲೆಕ್ಕದಲ್ಲಿ ಬ್ರೌನ್ ಈಗಲೂ ಮುಂದೆ, ಆದರೆ ಮೊದಲು ಕಂಡಷ್ಟು ದೂರದಲ್ಲಿಲ್ಲ.

ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಅಳತೆಗೋಲು ಬೇರೆ: ಅದೇ ವರ್ಷ, ಅದೇ ನಿಯಮದಡಿ, ಎರಡನೇ ಸ್ಥಾನದಲ್ಲಿದ್ದವನು ಎಷ್ಟು ಹಿಂದಿದ್ದ? ಬ್ರಾಡ್ಮನ್‌ನ 99.94 ನಮಗೆ ದೊಡ್ಡದಾಗಿ ಕಾಣುವುದೂ ಹತ್ತಿರಕ್ಕೆ ಇನ್ನೊಬ್ಬ ಬಂದಿಲ್ಲ ಎಂಬುದರಿಂದಲೇ. 1958ರಲ್ಲಿ ಬ್ರೌನ್ 1,527 ಯಾರ್ಡ್ ಓಡಿದ. ಎರಡನೆಯವನಾದ ಬಾಲ್ಟಿಮೋರ್‌ನ ಆಲನ್ ಅಮೀಚಿ ಓಡಿದ್ದು 791. ಹೆಚ್ಚುಕಡಿಮೆ ಅರ್ಧ. 1963ರಲ್ಲಿ ಬ್ರೌನ್ 1,863, ಎರಡನೆಯ ಜಿಮ್ ಟೇಲರ್ 1,018. ಒಂಬತ್ತು ಸೀಸನ್‌ನಲ್ಲಿ ಎಂಟು ಸಲ ಬ್ರೌನ್ ಮೊದಲಿಗ, ತಪ್ಪಿದ್ದು 1962 ಒಂದೇ. ಪಂದ್ಯ 12 ಇದ್ದರೂ 16 ಇದ್ದರೂ ಈ ಅನುಪಾತ ಅಲುಗುವುದಿಲ್ಲ, ಅದೇ ಇದರ ಗುಣ.

ಈ ಅಳತೆಗೂ ಒಂದು ದೋಷವಿದೆ. ಎರಡನೆಯವನು ಯಾರಾಗಬಹುದಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಗ್ರೀನ್ ಬೇ ತಂಡದ ಡಾನ್ ಹಟ್ಸನ್ 1942ರಲ್ಲಿ 11 ಪಂದ್ಯಗಳಲ್ಲಿ 74 ಪಾಸ್ ಹಿಡಿದ. ಲೀಗ್‌ನಲ್ಲಿ ಎರಡನೆಯವನು ಹಿಡಿದದ್ದು 27. ಬ್ರೌನ್‌ನದನ್ನೂ ಮೀರಿಸುವ ಅಂತರ. ಆದರೆ ಅದು ಯುದ್ಧದ ವರ್ಷ, ಎಷ್ಟೋ ಆಟಗಾರರು ಸೇನೆಗೆ ಹೋಗಿದ್ದರು. ಅದಕ್ಕಿಂತ ದೊಡ್ಡ ಸಂಗತಿ: 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೂ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮವಲ್ಲ, ಮಾಲೀಕರ ನಡುವಿನ ಒಳ ಒಪ್ಪಂದ. ಅದು ಮುರಿದದ್ದು 1946ರಲ್ಲಿ, ರ‍್ಯಾಮ್ಸ್ ತಂಡ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್‌ರನ್ನು ಸೇರಿಸಿಕೊಂಡಾಗ. ಹಟ್ಸನ್ ಆಡಿದ್ದು 1935ರಿಂದ 1945, ಅಂದರೆ ಪೂರ್ತಿಯಾಗಿ ಆ ಬಾಗಿಲು ಮುಚ್ಚಿದ್ದ ಕಾಲದಲ್ಲೇ. ಹಟ್ಸನ್‌ನ ತಪ್ಪಲ್ಲ, ಆದರೂ ಆ 27ರ ಮೇಲೆ ಪೂರ್ತಿ ಭಾರ ಹಾಕಲಾಗದು. ಅವನ ಪರವಾಗಿ ಒಂದು ಮಾತು: ಆಗ ದಾಳಿಗೂ ರಕ್ಷಣೆಗೂ ಅವೇ ಹನ್ನೊಂದು ಜನ, ಹಟ್ಸನ್ ರಕ್ಷಣೆಯಲ್ಲೂ ಆಡುತ್ತಿದ್ದ, ಚೆಂಡನ್ನು ಒದೆಯುತ್ತಲೂ ಇದ್ದ.

ಹಾಗಾಗಿ ಪಾಸ್ ಹಿಡಿಯುವ ರಿಸೀವರ್‌ಗಳಲ್ಲಿ ಜೆರ‍್ರಿ ರೈಸ್ ಮೇಲು ಎನ್ನಬೇಕಾಗುತ್ತದೆ. ಒಟ್ಟು 22,895 ಯಾರ್ಡ್, ಎರಡನೆಯ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492. ಅದೂ ತುಂಬಿದ ಲೀಗ್‌ನಲ್ಲಿ. 1987ರ ಮುಷ್ಕರದ ಸೀಸನ್‌ನಲ್ಲಿ ಆಡಿದ 12 ಪಂದ್ಯಗಳಲ್ಲೇ 22 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವಂಥವು) ಹಿಡಿದ. ಒಂದು ತಮಾಷೆ: ಹಟ್ಸನ್‌ನ ಆ ಅಬ್ಬರದ 1942ರ ಮೊತ್ತ 1,211 ಯಾರ್ಡ್. 2002ರಲ್ಲಿ, 40 ತುಂಬಿದ ಸೀಸನ್‌ನಲ್ಲಿ, ರೈಸ್ ಗಳಿಸಿದ್ದೂ 1,211.

ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಜಗಳ ಕೆಡಿಸುವುದು ಪಾಸರ್ ರೇಟಿಂಗ್, ಅಂದರೆ ಅವರ ಎಸೆತಗಳಿಗೆ ಕೊಡುವ ಅಂಕ. 1973ರಲ್ಲಿ ಜಾರಿಗೆ ಬಂದ ಈ ಸೂತ್ರದ ಒಳಗೆ ಏನಿದೆ ಎಂದು ನೋಡದೆ ಅದನ್ನು ಬಳಸುವವರೇ ಹೆಚ್ಚು. ನಾಲ್ಕು ಭಾಗಗಳಿವೆ. ಶೇಕಡಾ 50 ಪಾಸ್ ತಲುಪಿದರೆ 1 ಅಂಕ, ಪ್ರತಿ ಎಸೆತಕ್ಕೆ 7 ಯಾರ್ಡ್ ಬಂದರೆ 1, ನೂರು ಎಸೆತಕ್ಕೆ 5 ಟಚ್‌ಡೌನ್ ಆದರೆ 1, ನೂರಕ್ಕೆ 5.5 ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಪಾಸ್) ಆದರೆ 1. ಒಂದೊಂದು ಭಾಗವೂ 2.375ಕ್ಕೆ ನಿಲ್ಲುತ್ತದೆ. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿದರೆ ರೇಟಿಂಗ್. ಸಾಧಾರಣ ಆಟಗಾರನಿಗೆ 66.7 ಬರಲಿ ಎಂದೇ ಅದನ್ನು ಕಟ್ಟಿದ್ದು. ಈಗ ಇಡೀ ಲೀಗ್‌ನ ಸರಾಸರಿಯೇ 90ರ ಆಸುಪಾಸು.

ಜಾನಿ ಯುನೈಟಸ್‌ನ 1959 ತೆಗೆದುಕೊಳ್ಳಿ: 367 ಎಸೆತ, 193 ತಲುಪಿದವು, 2,899 ಯಾರ್ಡ್, 32 ಟಚ್‌ಡೌನ್, 14 ಇಂಟರ್‌ಸೆಪ್ಷನ್. ಭಾಗಗಳು ಕ್ರಮವಾಗಿ 1.13, 1.22, 1.74, 1.42. ಕೂಡಿದರೆ 5.52 ಹತ್ತಿರ, ರೇಟಿಂಗ್ 92.0. ಇವತ್ತಾದರೆ ನಡುಮಟ್ಟದವನ ಅಂಕ. ಅಂದು 12 ಪಂದ್ಯಗಳ ಸೀಸನ್‌ನಲ್ಲಿ 32 ಟಚ್‌ಡೌನ್ ಎಂದರೆ ಹೊಸ ದಾಖಲೆ.

ಯಾಕೆ ಹೀಗೆ? 1978ರ ನಿಯಮ. ಯುನೈಟಸ್‌ನ ಕಾಲದಲ್ಲಿ ಡಿಫೆಂಡರ್ ಚೆಂಡು ಗಾಳಿಗೆ ಏರುವವರೆಗೂ ರಿಸೀವರ್‌ನನ್ನು ದಾರಿಯುದ್ದ ತಳ್ಳುತ್ತ ಹೋಗಬಹುದಿತ್ತು. 1978ರಿಂದ ಆ ತಳ್ಳಾಟ ಮೊದಲ 5 ಯಾರ್ಡ್‌ಗೆ ಸೀಮಿತ. ಅದೇ ವರ್ಷ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳು ತೋಳು ಚಾಚಿ, ಅಂಗೈ ಬಿಚ್ಚಿ ತಡೆಯಬಹುದು ಎಂದಾಯಿತು. ಆ ಕಡೆ ರಿಸೀವರ್‌ಗೆ ಜಾಗ, ಈ ಕಡೆ ಎಸೆಯುವವನಿಗೆ ಸಮಯ. ಇಂಥ ಎರಡು ಕಾಲದವರ ರೇಟಿಂಗ್ ಪಕ್ಕಪಕ್ಕ ಇಟ್ಟರೆ ಸಿಗುವುದು ನಿಯಮ ಎಷ್ಟು ಸಡಿಲವಾಯಿತು ಎಂಬುದರ ಅಳತೆ, ಆಟಗಾರನದ್ದಲ್ಲ.

ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಪರ ವಾದಿಸುವವರು ಏಳು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು ಎನ್ನುತ್ತಾರೆ. ಕಪ್ ಗೆಲ್ಲುವುದು ತಂಡ. ಚಾರ್ಲ್ಸ್ ಹೇಲಿ ಐದು ಗೆದ್ದ, ಒಳ್ಳೆಯ ಆಟಗಾರ, ಆದರೆ ಅವನನ್ನು ಸಾರ್ವಕಾಲಿಕ ಶ್ರೇಷ್ಠ ಎಂದು ಯಾರೂ ಕರೆಯುವುದಿಲ್ಲ. ಮೊದಲ ಸೂಪರ್ ಬೌಲ್ ನಡೆದದ್ದೇ 1967ರ ಜನವರಿಯಲ್ಲಿ, ಬ್ರೌನ್ ಬಿಟ್ಟುಹೋದ ಮೇಲೆ. ಕಪ್ ಎಣಿಸಲೇಬೇಕು ಎಂದರೆ ಕ್ವಾರ್ಟರ್‌ಬ್ಯಾಕ್ ಆಟೊ ಗ್ರಹಾಂ ಹತ್ತು ವರ್ಷ ಆಡಿ ಹತ್ತೂ ವರ್ಷ ಫೈನಲ್ ತಲುಪಿದ, ಏಳು ಗೆದ್ದ (ನಾಲ್ಕು ಬೇರೊಂದು ಲೀಗ್‌ನವು). ಬ್ರೇಡಿಯ ನಿಜವಾದ ಬಲ 23 ಸೀಸನ್‌ಗಳ ಬಾಳಿಕೆ. ಹಾಗೆ ವಾದಿಸಿದರೆ ಒಪ್ಪಬಹುದು.

ರಕ್ಷಣೆಯವರಿಗೆ ಬಂದರೆ ಅಂಕಿ ಕೈಕೊಡುತ್ತದೆ. ಸ್ಯಾಕ್, ಅಂದರೆ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು, ಅಧಿಕೃತ ಲೆಕ್ಕಕ್ಕೆ ಬಂದದ್ದು 1982ರಲ್ಲಿ. ಲೈನ್‌ಬ್ಯಾಕರ್ (ರಕ್ಷಣೆಯ ಎರಡನೇ ಸಾಲಿನವ) ಲಾರೆನ್ಸ್ ಟೇಲರ್‌ನ 132.5ರಲ್ಲಿ ಅವನ ಮೊದಲ ವರ್ಷದ್ದೇ ಸೇರಿಲ್ಲ. ಇಲ್ಲಿ ಕೇಳಬೇಕಾದದ್ದು, ಎದುರಾಳಿ ಅವನಿಗಾಗಿ ಏನು ಬದಲಾಯಿಸಿದ ಎಂದು. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಲೈನ್‌ಬ್ಯಾಕರ್‌ನನ್ನು ಆಗ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ತಡೆಯುವುದು ವಾಡಿಕೆ. ಟೇಲರ್ ಮುಂದೆ ಅದು ನಡೆಯಲಿಲ್ಲ. 1982ರ ಜನವರಿಯ ಪ್ಲೇಆಫ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋಚ್ ಬಿಲ್ ವಾಲ್ಷ್ ತನ್ನ ಗಾರ್ಡ್ (ಒಬ್ಬ ಲೈನ್‌ಮನ್) ಜಾನ್ ಏಯರ್ಸ್‌ನನ್ನು ಸಾಲಿನಿಂದ ಹಿಂದೆ ಸರಿಸಿ ಟೇಲರ್‌ಗೆ ಎದುರು ನಿಲ್ಲಿಸಿದ. ಸ್ಯಾನ್ ಫ್ರಾನ್ಸಿಸ್ಕೊ 38–24ರಿಂದ ಗೆದ್ದಿತು. ವಾಷಿಂಗ್ಟನ್ ಕೋಚ್ ಜೋ ಗಿಬ್ಸ್ ಟೇಲರ್‌ನನ್ನು ತಡೆಯಲೆಂದೇ ಎರಡನೇ ಟೈಟ್ ಎಂಡ್ (ಸಾಲಿನ ತುದಿಯಲ್ಲಿ ನಿಂತು ತಡೆಯುವ, ಪಾಸೂ ಹಿಡಿಯುವ ಆಟಗಾರ) ಇಟ್ಟುಕೊಂಡ. ಒಬ್ಬನಿಗಾಗಿ ಹೀಗೆ ಪಟ್ಟು ಬದಲಾದದ್ದು ಯಾವ ಸ್ಯಾಕ್ ಲೆಕ್ಕಕ್ಕಿಂತಲೂ ದೊಡ್ಡ ಸಾಕ್ಷಿ.

ದಾಳಿಯ ಲೈನ್‌ಮನ್‌ಗಳಿಗೆ ಅಷ್ಟೂ ಇಲ್ಲ. ಸಿನ್ಸಿನಾಟಿಯ ಆಂಥನಿ ಮುನ್ಯೋಸ್ 13 ಸೀಸನ್ ಆಡಿ 11 ಪ್ರೊ ಬೌಲ್‌ಗೆ (ವರ್ಷದ ಆಯ್ದ ಆಟಗಾರರ ಪಂದ್ಯ) ಆಯ್ಕೆಯಾದ. ಅವನ ಕೆಲಸ ತಡೆಯುವುದು, ಆ ಕೆಲಸಕ್ಕೆ ಸ್ಕೋರ್‌ಶೀಟ್‌ನಲ್ಲಿ ಕಾಲಂ ಇಲ್ಲ. ಅಲ್ಲಿ ಅವನ ಹೆಸರಿನ ಮುಂದೆ ಕಾಣುವುದು, ಅಪರೂಪಕ್ಕೆ ಚೆಂಡು ಕೈಗೆ ಬಂದಾಗ ಹಿಡಿದ 4 ಟಚ್‌ಡೌನ್ ಪಾಸ್.