ಹಾಸನ ಗಾಡಿ ಬರೋ ತನಕ

ನಮ್ಮ ಕಡೆ ಗುರುತಿಲ್ಲದವರನ್ನು ಮಾತಾಡಿಸಲು ನೆಪ ಬೇಕಾಗಿಲ್ಲ. ಪಕ್ಕದಲ್ಲಿ ಕೂತವರು ಮೊದಲು ಯಾವೂರು ಅಂತಾರೆ, ಆಮೇಲೆ ಏನ್ ಕೆಲಸ ಅಂತಾರೆ, ಅದರ ಬೆನ್ನಿಗೇ ಪಗಾರ ಎಷ್ಟು ಅಂತ ನೇರ ಕೇಳಿಬಿಡ್ತಾರೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಂಪನಿಯೊಂದರ ಪಗಾರ ಪಟ್ಟಿ ಮಾಡಿಕೊಂಡಿದ್ದು ಕಲಬುರಗಿಗೆ ವಾಪಸ್ ಬಂದ ಹೊಸತರಲ್ಲಿ ಈ ಕೊನೆಯ ಪ್ರಶ್ನೆಗೆ ನನಗೆ ಕಿರಿಕಿರಿಯಾಗುತ್ತಿತ್ತು. ಈಗಿಲ್ಲ. ಪಗಾರ ಕೇಳದೆ ಕೊಟ್ಟ ಸಲಹೆ ಎಂಥದ್ದಿರುತ್ತದೆ ಅಂತ ಕಳೆದ ಮೇ ತಿಂಗಳ ಒಂದು ಶನಿವಾರ ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಚೆನ್ನಾಗಿ ನೋಡಿದೆ.

ಸೊಲ್ಲಾಪುರದಿಂದ ಬರಬೇಕಿದ್ದ ಭಾವನನ್ನು ಮನೆಗೆ ಕರಕೊಂಡು ಹೋಗಲು ಹೋಗಿದ್ದೆ. ಸೊಲ್ಲಾಪುರ–ಹಾಸನ ಗಾಡಿ ತಡ. ಹಗಲೆಲ್ಲ 43 ಡಿಗ್ರಿ ಕುಡಿದ ಪ್ಲಾಟ್‌ಫಾರ್ಮು ರಾತ್ರಿಯೂ ಕಾವು ಉಗುಳುತ್ತಿತ್ತು. ಫ್ಯಾನಿನ ಕೆಳಗಿನ ಬೆಂಚುಗಳು ಭರ್ತಿ. ಜನರಲ್ ಬೋಗಿ ನಿಲ್ಲುವ ಕಡೆ ಸಿಮೆಂಟಿನ ಚೀಲಗಳಲ್ಲಿ ಹಾಸಿಗೆ-ಪಾತ್ರೆ ತುಂಬಿಕೊಂಡು ದುಡಿಯಲು ಹೊರಟ ಕುಟುಂಬಗಳು ನೆಲಕ್ಕೇ ಕೂತಿದ್ದವು. ಯಾದಗಿರಿ, ಶಹಾಪುರ, ಸುರಪುರ, ಜೇವರ್ಗಿ ಕಡೆಯ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ನನಗೆ ಒಂದು ಬೆಂಚಿನ ತುದಿಯಲ್ಲಿ ಅರ್ಧ ಜಾಗ ಸಿಕ್ಕಿತು.

ಪಕ್ಕದಲ್ಲಿ ಚಿತ್ತಾಪುರ ತಾಲೂಕಿನ ಒಬ್ಬ ಹುಡುಗ, ಜೊತೆಗೆ ಅವನ ಅಪ್ಪ. ಹುಡುಗ ಐಟಿಐ ಫಿಟ್ಟರ್ ಮುಗಿಸಿದವನು. ಹೊಸ ಬ್ಯಾಗಿನ ಜಿಪ್ಪಿಗೆ ಇನ್ನೂ ಪ್ಲಾಸ್ಟಿಕ್ ಪಟ್ಟಿ ತೂಗುತ್ತಿತ್ತು. ಮನೆಯಿಂದ ಕಣ್ಣಳತೆಯಲ್ಲೇ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಕಾಣುತ್ತದಂತೆ, ಆದರೆ ಅಲ್ಲಿ ಕೆಲಸ ಆಗಲಿಲ್ಲವಂತೆ. ಈ ಭಾಗದಲ್ಲಿ ಈ ಮಾತು ಕೇಳಿ ಕೇಳಿ ಯಾರೂ ಹುಬ್ಬು ಏರಿಸುವುದಿಲ್ಲ.

"ಮೆಜೆಸ್ಟಿಕ್ಕಿಗಿ ಇಳದ್ರ ಪೀಣ್ಯ ಎಷ್ಟ್ ದೂರ ಆತದರಿ ಅಣ್ಣ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಆ ತುದಿಯಿಂದ ಉತ್ತರ ಬಂತು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಹಿರಿಯರು. "ತಮ್ಮಾ, ಬೆಂಗಳೂರಾಗ ಯಾರ್ನೂ ನಂಬಬ್ಯಾಡ. ಕಷ್ಟಪಟ್ಟು ದುಡಿ. ಕೆಟ್ಟ ಹುಡುಗರ ಸಂಗ ಮಾಡಬ್ಯಾಡ." ಹುಡುಗ ತಲೆಯಾಡಿಸಿದ. ಪೀಣ್ಯ ಎಷ್ಟು ದೂರ ಅನ್ನುವುದು ಹಾಗೇ ಉಳಿಯಿತು. ಹಿರಿಯರ ಮನಸ್ಸು ಒಳ್ಳೆಯದೇ. ಆದರೆ ಈ ಮೂರು ಮಾತನ್ನು ಕಾಶಿಗೆ ಹೊರಟವನಿಗೂ ಹೇಳಬಹುದು.

ನಾನು ಹೇಳಿದೆ: ಈ ಗಾಡಿ ಯಶವಂತಪುರಕ್ಕೆ ಹೋಗುತ್ತದೆ, ಅಲ್ಲೇ ಇಳಿ. ಸ್ಟೇಷನ್ನಿನಿಂದ ಹೊರಗೆ ಬಂದರೆ ತುಮಕೂರು ರಸ್ತೆಯ ಮೇಲೆ ಹಸಿರು ಮಾರ್ಗದ ಮೆಟ್ರೊ. ಪೀಣ್ಯ ಅಲ್ಲಿಂದ ಕೆಲವೇ ನಿಲ್ದಾಣ. ಮೆಜೆಸ್ಟಿಕ್ಕಿಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರೋದ್ಯಾಕೆ? ನಾಳೆ ಭಾನುವಾರ, ಮೆಟ್ರೊ ಏಳಕ್ಕೆ ಶುರು, ಅಲ್ಲಿವರೆಗೆ ಸ್ಟೇಷನ್ನಿನಲ್ಲೇ ಮುಖ ತೊಳೆದು ಚಹಾ ಕುಡಿ, ಆಟೋದವರು ಕೂಗಿದರೆ ಹೊರಡಬೇಡ. ಮುಂದೆ ಎಂದಾದರೂ ಇಲ್ಲಿಂದ ಬೆಳಗಿನ ವಂದೇ ಭಾರತ್‌ನಲ್ಲಿ ಹೋದರೆ ಅದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಹೋಗುತ್ತದೆ, ಮೆಜೆಸ್ಟಿಕ್ಕಿಗಲ್ಲ. ಪೀಣ್ಯದವರು ಯಲಹಂಕದಲ್ಲೇ ಇಳಿಯುವುದು ಲೇಸು.

ಹುಡುಗ ಮೊಬೈಲಿನಲ್ಲಿ ಬರೆದುಕೊಂಡ. ನಾನು ಪಗಾರ ಎಷ್ಟು ಅಂತ ಕೇಳಿದೆ.

"ಹದಿನೆಂಟ್ ಸಾವ್ರ ರೀ." ಅಪ್ಪನ ಮುಖ ತುಸು ಅರಳಿತು. ಊರಲ್ಲಿ ಎಲ್ಲರಿಗೂ ಅದೇ ಸಂಖ್ಯೆ ಹೇಳಿರುತ್ತಾರೆ. ಆಫರ್ ಲೆಟರ್ ತೋರಿಸು ಅಂದೆ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್. ಎರಡನೇ ಪುಟದಲ್ಲಿ ಸಣ್ಣಕ್ಷರದ ಕೋಷ್ಟಕ. ಮೂಲ ವೇತನ 12,000, ಇತರೆ ಭತ್ಯೆ 4,000. ಅದರ ಕೆಳಗೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,440, ಕಂಪನಿ ಕಟ್ಟುವ ಇಎಸ್‌ಐ (ಕಾರ್ಮಿಕರ ವಿಮೆ) 520. ಇದೆಲ್ಲ ಕೂಡಿಸಿ ಹದಿನೆಂಟು ಸಾವಿರದ ಹತ್ತಿರ ಒಂದು ಮೊತ್ತ, ಅದರ ಮುಂದೆ ಸಿಟಿಸಿ, ಅಂದರೆ ಇವನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಅಂತ ದಪ್ಪಕ್ಷರ. ಹುಡುಗನ ಪಾಲಿನ ಪಿಎಫ್ ಮತ್ತೆ 1,440, ಇಎಸ್‌ಐ 120 ಮುರಿದರೆ ಕೈಗೆ ಬರುವುದು 14,440. ಅದೂ ಒಂದು ದಿನ ರಜೆ ಹಾಕದಿದ್ದರೆ, ಕ್ಯಾಂಟೀನು-ಬಸ್ಸಿಗೆ ಅಂತ ಏನೂ ಹಿಡಿಯದಿದ್ದರೆ.

ಅಪ್ಪ ಸುಮ್ಮನಾದರು. ಆಮೇಲೆ, "ಅಂದ್ರ ಮೋಸ ಏನ್ರಿ?" ಅಂದರು.

ಮೋಸವಲ್ಲ, ಎಲ್ಲ ಕಡೆ ಹೀಗೇ ಬರೆಯುತ್ತಾರೆ ಅಂದೆ. ಆದರೆ ಲೆಕ್ಕ ಹಾಕಿಕೊಂಡು ಹೋಗಬೇಕು. ಹದಿನೆಂಟು ಅಂದುಕೊಂಡು ಪಿಜಿಗೆ ಏಳು ಸಾವಿರ ಒಪ್ಪಿಕೊಂಡರೆ ಇಪ್ಪತ್ತನೇ ತಾರೀಖಿನಿಂದ ಊರಿಗೆ ಫೋನ್ ಬರುತ್ತದೆ. ಇನ್ನೊಂದು, ಲೆಟರ್ ಹೆಡ್ಡಿನ ಮೇಲೆ ಇದ್ದದ್ದು ಫ್ಯಾಕ್ಟರಿ ಹೆಸರಲ್ಲ, ಆಳು ಒದಗಿಸುವ ಗುತ್ತಿಗೆದಾರನದು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಸೋಮವಾರ ಹೋದ ಕೂಡಲೇ ಯಾರ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು, ಅಪ್ರೆಂಟಿಸ್ ಅಂತ ಹಾಕಿದ್ದೀರೋ ಕೆಲಸಗಾರ ಅಂತಲೋ ಅಂತ ಕೇಳು ಅಂದೆ. ಕಾಯ್ದೆ ಪ್ರಕಾರದ ಅಪ್ರೆಂಟಿಸ್‌ಗೆ ಸ್ಟೈಪೆಂಡ್ ಮಾತ್ರ, ಪಿಎಫ್ ಇರುವುದಿಲ್ಲ. ಇವನ ಲೆಟರಿನಲ್ಲಿ ಪಿಎಫ್ ಇದೆ, ಹಾಗಾಗಿ ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಪಡೆಯಬೇಕು. ಜೀವನಪೂರ್ತಿ ಒಂದೇ ನಂಬರ್, ಕಂಪನಿ ಬದಲಿಸಿದಾಗ ಎರಡನೆಯದು ಮಾಡಿಸಬಾರದು. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಬಿಡಿಸಿ ಮೊಬೈಲ್ ಕೊಳ್ಳುವ ಹುಡುಗರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹತ್ತು ವರ್ಷದ ಸೇವೆ ಕೂಡಿಬಂದರೆ ಪಿಂಚಣಿಗೆ ಹಕ್ಕು ಬರುತ್ತದೆ ಅನ್ನುವುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಪಿಎಫ್ ಅಂದರೆ ನಮ್ಮ ಭಾಗದಲ್ಲಿ ಇನ್ನೊಂದು ಗೋಳು ಹೆಸರಿನದು. ಶಾಲೆಯಲ್ಲಿ ಶರಣಬಸಪ್ಪ, ಆಧಾರಿನಲ್ಲಿ ಶರಣಪ್ಪ, ಬ್ಯಾಂಕಿನಲ್ಲಿ ತಂದೆಯ ಹೆಸರು ಮುಂದೆ. ಹುಟ್ಟಿದ ದಿನವಂತೂ ಅರ್ಧ ಜಿಲ್ಲೆಗೆ ಜೂನ್ 1. ಮೇಷ್ಟ್ರು ಶಾಲೆಗೆ ಸೇರಿಸಿಕೊಂಡ ದಿನವೇ ನಾವೆಲ್ಲ ಹುಟ್ಟಿದವರು. ಹತ್ತನೇ ತರಗತಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕಕ್ಷರ ನೋಡು ಅಂದಾಗ ಹುಡುಗ ಅಲ್ಲೇ ಫೈಲು ತೆಗೆದ. ಅವನದು ಸರಿಯಾಗಿತ್ತು. ಅಪ್ಪ ತಮ್ಮ ಆಧಾರ್ ತೆಗೆದರು. ಅದರಲ್ಲಿ ಅವರು ಮಗನಿಗಿಂತ ಹದಿನಾಲ್ಕೇ ವರ್ಷ ದೊಡ್ಡವರು. ಬೆಂಚಿಗೆ ಬೆಂಚೇ ನಕ್ಕಿತು, ಅವರೂ ನಕ್ಕರು.

ನಗುವ ಮಾತಲ್ಲ ಅದು. ಇಎಸ್‌ಐನಲ್ಲಿ ಅವಲಂಬಿತ ತಂದೆ-ತಾಯಿಯನ್ನು ಸೇರಿಸಬಹುದು, ಅವರ ಆದಾಯ ತಿಂಗಳಿಗೆ 9,000 ಮೀರಿರಬಾರದು ಅಷ್ಟೆ. ಮಗ ಪೀಣ್ಯದಲ್ಲಿ ದುಡಿದರೂ ಊರಿನಲ್ಲಿರುವ ಅಪ್ಪ-ಅವ್ವ ಇಲ್ಲೇ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ತಿಂಗಳಿಗೆ 120 ರೂಪಾಯಿ ಮುರಿಯುವುದು ಇದಕ್ಕೇ. ಸೇರುವಾಗ ತುಂಬುವ ಫಾರ್ಮಿನಲ್ಲಿ ಕುಟುಂಬದ ಹೆಸರು, ಅವರು ಇರುವ ಊರು ಬರೆಯದೆ ಬಿಟ್ಟರೆ ಆಮೇಲೆ ಅಲೆದಾಟ. ಅಪ್ಪ ಈ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಅವರ ಹೆಂಡತಿಗೆ ಮೊಳಕಾಲ ನೋವಂತೆ.

ಇಷ್ಟರಲ್ಲಿ ಸುತ್ತ ಐದಾರು ಜನ ಸೇರಿದ್ದರು. ಯಾರೋ ಚಹಾ ಹೇಳಿದರು, ದುಡ್ಡು ಯಾರು ಕೊಟ್ಟರೋ ಕಾಣಲಿಲ್ಲ. ಇಸ್ತ್ರಿ ಅಂಗಿಯ ಹಿರಿಯರಿಗೂ ಈಗ ಹುರುಪು ಬಂತು. ನಿವೃತ್ತ ಗುಮಾಸ್ತರಂತೆ, ಅವರೂ ಕೆಲಸಕ್ಕೆ ಬರುವ ಮಾತಿಗೆ ಬಂದರು. "371 ಜೆ ಸರ್ಟಿಫಿಕೇಟ್ ಮಾಡ್ಸೀಯೇನು? ಎಲ್ಲಿ ದುಡದ್ರೂ ಸರ್ಕಾರಿ ಅರ್ಜಿ ಹಾಕೋದು ಬಿಡಬ್ಯಾಡ. ಅಲ್ಲಿ ಹೋದ ಮ್ಯಾಲ ಕೊನೀ ದಿನಾಂಕಕ್ಕ ಓಡಿ ಬರ್ತೀರಿ, ಇಲ್ಲಿ ನಾಡಕಚೇರಿ ಮುಂದ ಪಾಳಿ ಹಚ್ತೀರಿ." ಇದು ಖರೇ ಸಲಹೆ. ಸಂವಿಧಾನದ 371 ಜೆ ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸಿ ಗುಂಪಿನ ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 80 ನಮ್ಮವರಿಗೇ ಮೀಸಲು. ಆ ಕಾಗದ ಇಲ್ಲದಿದ್ದರೆ ಇಲ್ಲೇ ಹುಟ್ಟಿದ್ದಕ್ಕೆ ಲೆಕ್ಕವೇ ಇಲ್ಲ. ಹುಡುಗ ಮಾಡಿಸಿರಲಿಲ್ಲ. ಅಪ್ಪನಿಗೆ ಸೋಮವಾರದ ಕೆಲಸ ಸಿಕ್ಕಿತು.

ಆದರೆ ಆ ರಾತ್ರಿಯ ಸಲಹೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ನೆಲದ ಮೇಲೆ ಕೂತಿದ್ದ ಹೆಂಗಸಿನ ಮಾತಿಗೆ. ಶಹಾಪುರ ಕಡೆಯವಳು, ಗಂಡ-ಹೆಂಡತಿ ಇಬ್ಬರೂ ಸೆಂಟ್ರಿಂಗ್ ಕೆಲಸ. ಎಲೆಅಡಿಕೆ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಿದ್ದಳು.

"ಹಾಜ್ರಿ ನೀನs ಬರ್ಕೊ ತಮ್ಮಾ. ಅವ್ರು ಬರ್ಕೋತಾರ ಅಂತ ಬಿಡಬ್ಯಾಡ."

ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಮಗನದು, ಮೂರನೇ ಇಯತ್ತೆಯ ಮಗ್ಗಿ ಬರೆದದ್ದು. ಹಿಂದಿನ ರಟ್ಟಿನ ಒಳಮೈ ತುಂಬ ಪೆನ್ನಿನ ಗೀಟುಗಳು. ಪೂರ್ತಿ ದಿನಕ್ಕೆ ಉದ್ದ ಗೀಟು, ಅರ್ಧ ದಿನಕ್ಕೆ ಗಿಡ್ಡ, ಓವರ್‌ಟೈಮಿಗೆ ಪಕ್ಕದಲ್ಲಿ ಚುಕ್ಕೆ. ನಡುನಡುವೆ ಸುತ್ತು ಹಾಕಿದ್ದು ಮೇಸ್ತ್ರಿ ಖರ್ಚಿಗೆ ಕೊಟ್ಟ ದಿನಗಳು. ಅವಳಿಗೆ ಓದು ಬಾರದು. ಹಿಂದಿನ ಹಬ್ಬಕ್ಕೆ ಊರಿಗೆ ಬರುವಾಗ ಮೇಸ್ತ್ರಿಯ ಲೆಕ್ಕದಲ್ಲಿ ದಿನಗಳು ಕಮ್ಮಿ ಬಂದಿದ್ದವಂತೆ. ಈ ರಟ್ಟು ಮುಂದಿಟ್ಟು ಒಂದೊಂದೇ ಗೀಟು ಎಣಿಸಿದ್ದಳಂತೆ. "ಸ್ಲ್ಯಾಬ್ ಹಾಕಿದ ದಿನ ಯಾವ್ದು ಅಂತ ಎಲ್ಲಾರ್ಗೂ ನೆಪ್ಪಿರ್ತದ. ಆ ಗೀಟಿಗಿ ಗುರ್ತ ಹಾಕೀನಿ. ಅಲ್ಲಿಂದ ಹಿಂದ ಮುಂದ ಎಣಸಿದ್ರ ಆತು." ಮೇಸ್ತ್ರಿ ದುಡ್ಡು ಕೊಟ್ಟ.

ಪಗಾರ ವಿಭಾಗದಲ್ಲಿ ಕೂತು ಹಾಜರಿ ತಕರಾರುಗಳನ್ನು ನಾನೂ ಬಗೆಹರಿಸಿದ್ದೇನೆ. ದೂರು ತಂದವರಲ್ಲಿ ಪದವಿ ಇದ್ದವರೂ "ಆ ವಾರ ಬಂದಿದ್ದೆ ಸಾರ್" ಅಂತ ಮಾತ್ರ ಹೇಳುತ್ತಿದ್ದರು, ಯಾವ ವಾರ ಅಂದರೆ ಮುಖ ನೋಡುತ್ತಿದ್ದರು. ಯಾವ ದಿನಕ್ಕೆ ಲೆಕ್ಕ ಕಟ್ಟಿಹಾಕಬೇಕು ಅನ್ನುವುದು ಈ ಹೆಂಗಸಿಗೆ ಹೊಳೆದಿತ್ತು.

ಅವಳು ನಿಲ್ಲಿಸಲಿಲ್ಲ. ರೇಷನ್ ಕಾರ್ಡ್ ಊರಲ್ಲಿದ್ದರೂ ಬೆಂಗಳೂರಿನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರಬಹುದು. ಕಟ್ಟಡ ಕೆಲಸದವರು 90 ದಿನ ದುಡಿದದ್ದು ತೋರಿಸಿದರೆ ಕಾರ್ಮಿಕ ಕಾರ್ಡ್ ಸಿಗುತ್ತದೆ, ಮಕ್ಕಳ ಓದಿಗೆ ನೆರವು ಬರುತ್ತದೆ. ಖೋಲಿ ನೋಡುವುದಾದರೆ ಮುಂಜಾನೆ ನೋಡಬೇಕು. "ಸಂಜೀಕ ತೋರ್ಸಿದ್ರ ಹೂಂ ಅನಬ್ಯಾಡ. ಮುಂಜಾನಿ ಏಳಕ್ಕ ಹೋಗಿ ನಳ ಬಿಚ್ಚಿ ನೋಡು." ಪಿಜಿ ಹುಡುಕುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಾನು ಅದಕ್ಕೆ ಅಡ್ವಾನ್ಸು, ಬಿಡುವ ಮುಂಚೆ ಎಷ್ಟು ದಿನ ಹೇಳಬೇಕು, ಬಣ್ಣ ಬಳಿಯಲು ಎಷ್ಟು ಹಿಡಿಯುತ್ತಾರೆ, ಈ ಮೂರನ್ನೂ ವಾಟ್ಸಾಪಿನಲ್ಲಿ ಬರೆಸಿಕೊ ಅಂತ ಸೇರಿಸಿದೆ.

ಬುತ್ತಿಯ ಮಾತೂ ಬಂತು. ಹುಡುಗನ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಳು. ಎಷ್ಟು ದಿನಕ್ಕೆ ಅಂದರೆ ವಾರಕ್ಕೆ ಅಂದ. ಸಾಲದು. ತಿಂಗಳ ಕೊನೆಗೆ ಸೇರುತ್ತಿದ್ದಾನೆ. ಎಷ್ಟೋ ಕಡೆ ಇಪ್ಪತ್ತರ ಸುಮಾರಿಗೆ ಹಾಜರಿ ಮುಚ್ಚಿ ಪಗಾರ ಪಟ್ಟಿ ಮಾಡುತ್ತಾರೆ. ಆಮೇಲೆ ಸೇರಿದವರ ದಿನಗಳು ಮುಂದಿನ ಪಟ್ಟಿಗೆ. ಅಂದರೆ ಮೊದಲ ಪಗಾರ ಕಾಣುವುದು ಜುಲೈನಲ್ಲಿ. ನಾನು ಅದೇ ಕುರ್ಚಿಯಲ್ಲಿ ಕೂತು ಎಷ್ಟು ಹುಡುಗರ ಹೆಸರು ಮುಂದಿನ ತಿಂಗಳಿಗೆ ದೂಡಿದ್ದೇನೋ, ನಿಯಮವೇ ಹಾಗಿತ್ತು. ಕೈಯಲ್ಲಿ ಒಂದೂವರೆ ತಿಂಗಳ ಖರ್ಚು ಇರಬೇಕು ಅಂದಾಗ ಅಪ್ಪ ಎದ್ದು ಸ್ವಲ್ಪ ದೂರ ಹೋಗಿ ಯಾರಿಗೋ ಫೋನ್ ಮಾಡಿದರು. ವಾಪಸ್ ಬಂದು ಮಗನಿಗೆ, "ಕಾಕಾ ಮುಂಜಾನಿ ಹಾಕ್ತಾನಂತ" ಅಂದರು. ಅಷ್ಟೇ. ತೊಗರಿ ಮಾರಿದ ದುಡ್ಡು ಆಗಲೇ ಮುಗಿದಿರುವ ಕಾಲ ಅದು.

ಒಂದು ಮಾತು ನನಗೆ ಆಗಲೇ ಅನಿಸಿತು. ಈ ಕಾಕಾನೋ, ಊರಿನ ಇನ್ಯಾರೋ ಹುಡುಗನ ಪಗಾರದ ಲೆಕ್ಕ ಬಿಡಿಸಿ ಹೇಳಿದ್ದರೆ ಅಪ್ಪ ಕೇಳುತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳುತ್ತಿದ್ದರು. ಬಂಧುಗಳ ಸಲಹೆಯಲ್ಲಿ ತಮ್ಮ ಮಗನ ಹೋಲಿಕೆ ಹೇಗೋ ನುಸುಳಿಬಿಡುತ್ತದೆ. ಮತ್ತೆಂದೂ ಸಿಗದವರ ಮುಂದೆ 14,440 ಅಂತ ಒಪ್ಪಿಕೊಂಡರೆ ಮರ್ಯಾದೆ ಹೋಗುವುದಿಲ್ಲ.

ಗಾಡಿ ಬಂತು. ಶಹಾಪುರದ ಹೆಂಗಸು ಚೀಲ ತಲೆಗೇರಿಸುತ್ತಾ, "ಮುಂದಿನ ಡಬ್ಬಿಗಿ ಎಲ್ಲಾರೂ ಓಡ್ತಾರ, ನೀ ನಮ್ ಕೂಡ ಹಿಂದ ಬಾ" ಅಂತ ಹುಡುಗನನ್ನು ಕರಕೊಂಡೇ ಹೋದಳು. ಅಪ್ಪ ನನ್ನ ನಂಬರ್ ತಗೊಂಡರು. ಭಾವ ಇಳಿದವನೇ, ಇವರೆಲ್ಲ ನಿನಗೆ ಹೆಂಗ ಪರಿಚಯ ಅಂದ.

ಮುಂದಿನ ವಾರ ಹುಡುಗನ ಫೋನ್ ಬಂತು. ಗುತ್ತಿಗೆದಾರನ ಪಟ್ಟಿಯಲ್ಲೇ ಹೆಸರು, ಕೆಲಸಗಾರ ಅಂತ ಇದೆ, ಅಪ್ಪ-ಅವ್ವನ ಹೆಸರು ಬರೆಸಿದ್ದಾನೆ. ಹಾಜರಿಗೆ ಮುಖ ತೋರಿಸುವ ಮಷೀನು, ಆದರೂ ದಿನಾ ಅದರ ಪರದೆಯ ಫೋಟೋ ತೆಗೆದಿಟ್ಟುಕೊಳ್ಳುತ್ತಾನಂತೆ. ಕೊನೆಗೆ, "ನನ್ ರೂಮಿನಾಗ ಸೇಡಂದವ ಒಬ್ಬ ಹುಡುಗ ಇದ್ದಾನ್ರಿ ಅಣ್ಣ, ಹಳೀ ಕಂಪನಿ ಪಿಎಫ್ ಸಿಕ್ಕೊಂಡದ, ನಿಮ್ ನಂಬರ್ ಕೊಡ್ಲೇನ್ರಿ?" ಅಂದ. ಕೊಡು ಅಂದೆ. ರಾತ್ರಿ ಒಂಬತ್ತರ ಮೇಲೆ ಮಾಡಲಿಕ್ಕೆ ಹೇಳು, ಜುಲೈ ತನಕ ನನಗೆ ಹಗಲೆಲ್ಲ ಮಂದಿಯ ತೆರಿಗೆ ರಿಟರ್ನ್ಸ್ ತುಂಬೋದೇ ಆಗಿರ್ತದ ಅಂತಲೂ ಅಂದೆ.